ದುರ್ಗವ್ವನ ರೊಟ್ಟಿಯ ಪಾಳಿ

ಸಿಂದಗಿ
೧೨ ನವೆಂಬರ್ ೨೦೨೪

ತಮ್ಮ ಗುರಪ್ಪನಿಗೆ ಅಕ್ಕ ರೇವವ್ವನ ಆಶೀರ್ವಾದ.

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಹಿಡಿಸಿದೆಯಲ್ಲ, ನಿನಗೆ ಏನೆನ್ನಬೇಕು? ಮೂರನೆಯ ಇಯತ್ತೆಗೇ ಸಾಲಿ ಬಿಟ್ಟವಳು ನಾನು. ಒಂದು ಸಾಲು ಬರೆಯುವುದಕ್ಕಿಂತ ಒಂದು ಚೀಲ ಜೋಳ ಹಸನು ಮಾಡುವುದು ನನಗೆ ಸುಲಭ. ಫೋನ್ ಮಾಡಿದರೆ ನನ್ನ ಮಾತು ಮುಗಿಯುವ ಮೊದಲೇ ನೀನು, "ಯಕ್ಕಾ, ಪ್ರಾರ್ಥನಾ ಮಾಡೂಣು" ಅನ್ನುತ್ತೀ. ನಾನು ಆಮೆನ್ ಅನ್ನುವುದರೊಳಗೆ ಫೋನೂ ಬಂದ್ ಆಗಿರುತ್ತದೆ. ಕಾಗದದ ಬಾಯಿ ಹಾಗೆ ಮುಚ್ಚಲು ಬರುವುದಿಲ್ಲ. ಪೂರ್ತಿ ಓದು.

ಮೊಣಕಾಲು ಹೇಗಿದೆ? ಆಪರೇಷನ್ ಆದ ಮೇಲೆ ಬಾವು ಇಳಿಯಿತೋ ಇಲ್ಲವೋ? ಮಗಳು ಭಾಗ್ಯಜ್ಯೋತಿ ಮಿರಜದಲ್ಲಿ ನಿನ್ನನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತಿದ್ದಾಳೆ ಎಂದು ಕೇಳಿ ಸಮಾಧಾನವಾಯಿತು. ಆ ಹುಡುಗಿಗೆ ನನ್ನ ಮುತ್ತು. ನಿನಗೆ ಸಕ್ಕರೆ ಕಾಯಿಲೆ ಇದೆ, ಪೇಡೆ ಮುಟ್ಟಬೇಡ. ಊರುಗೋಲು ಹಿಡಿಯಲು ನಾಚಬೇಡ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಅಪ್ಪ ಇಲ್ಲಿ ಸಭೆ ಕೂಡಿಸಿದಾಗ ಬೇಕರಿ ಎಂಬುದು ಇರಲಿಲ್ಲ. ಕರ್ತನ ಭೋಜನದಲ್ಲಿ ಸಭೆಯವರೆಲ್ಲ ಹಂಚಿಕೊಂಡು ತಿನ್ನುವ ರೊಟ್ಟಿಯನ್ನು ತಿಂಗಳಿಗೊಂದು ಮನೆಯವರು ಪಾಳಿಯಂತೆ ಗೋದಿ ಹಿಟ್ಟಿನಲ್ಲಿ ಮಾಡಿ, ಬಿಳಿ ಅರಿವೆಯಲ್ಲಿ ಸುತ್ತಿ ತರಬೇಕು ಎಂದು ಅವನೇ ಕಟ್ಟು ಮಾಡಿದ. ಶ್ರೀಮಂತರ ಮನೆ, ಬಡವರ ಮನೆ ಎನ್ನಲಿಲ್ಲ. ಬೇಕರಿಗಳು ಬಂದ ಮೇಲೂ ಆ ಪಾಳಿ ನಿಂತಿಲ್ಲ. ಈ ಸಲ ಅದು ದುರ್ಗವ್ವನದು. ಕೊಲ್ಹಾರದಲ್ಲಿ ಕೃಷ್ಣೆಯ ಹಿನ್ನೀರಿಗೆ ನೀನೇ ಕೈ ಹಿಡಿದು ಇಳಿಸಿ ದೀಕ್ಷಾಸ್ನಾನ ಕೊಟ್ಟೆಯಲ್ಲ, ಅದೇ ದುರ್ಗವ್ವ. ಬಸ್ ಸ್ಟ್ಯಾಂಡಿನ ಕಸ ಹೊಡೆದು, ಪಾಯಖಾನೆ ತೊಳೆದು ಹೊಟ್ಟೆ ಹೊರೆಯುವವಳು. ನೀರಲ್ಲಿ ಆಕೆಯ ಜೊತೆ ನಿಂತ ಫೋಟೋ ತೆಗೆಸಿ ಇಂಡಿ, ಮುದ್ದೇಬಿಹಾಳದ ಸಭೆಗಳಿಗೆಲ್ಲ ಕಳಿಸಿದವನು ನೀನು.

ಆಕೆಯ ಸಡಗರ ನೀನು ನೋಡಬೇಕಿತ್ತು. ಹೊಸ ಗೋದಿ ತಂದು, ತೊಳೆದು ಒಣಗಿಸಿ, ಗಿರಣಿಯಲ್ಲಿ ಬೇರೆಯವರ ಜೋಳ ಬೀಳುವ ಮೊದಲೇ ಬೀಸಿಸಿಕೊಂಡು ಬಂದಿದ್ದಳು. "ಯಕ್ಕಾರ, ಉಪ್ಪು ಹಾಕೂದೋ ಬ್ಯಾಡೋ?" ಎಂದು ನನ್ನನ್ನು ಕೇಳಿ ಕೇಳಿ ತಲೆ ತಿಂದಳು. ರವಿವಾರ ಮುಂಜಾನೆ ತಲೆಗೆ ಎರೆದುಕೊಂಡು, ಇಳಕಲ್ ಸೀರೆ ಉಟ್ಟು, ರೊಟ್ಟಿಯ ಗಂಟು ಹಿಡಿದು ಚರ್ಚಿನ ಬಾಗಿಲಿಗೆ ಬಂದಳು. ನೀನು ಬರುವ ತನಕ ಸಭೆಯನ್ನೆಲ್ಲ ನೋಡಿಕೊಳ್ಳಲಿ ಎಂದು ಬಿಟ್ಟು ಹೋಗಿದ್ದೀಯಲ್ಲ, ನನ್ನ ಹೊಟ್ಟೆಯಲ್ಲಿ ಹುಟ್ಟಿದ ಸಿದ್ಧರಾಮ, ಅವನು ಬಾಗಿಲಲ್ಲೇ ಗಂಟು ಇಸಕೊಂಡ. "ಕೂಡ್ರಿ, ನಾ ಎಲ್ಲಾ ನೋಡಕೋತೇನಿ" ಎಂದ.

ಮೇಜಿನ ಮೇಲಿನ ಅರಿವೆ ಸರಿಸಿದರೆ ತಾಟಿನಲ್ಲಿ ಬೇಕರಿಯ ಬ್ರೆಡ್ಡು! ಅಂಚು ಕತ್ತರಿಸಿ ಚಂದ ಮಾಡಿ ಜೋಡಿಸಿದ್ದ. ತಾಟು ಸಾಲಿನಿಂದ ಸಾಲಿಗೆ ಹೋಯಿತು. ದುರ್ಗವ್ವ ತಾಟು ನೋಡಿದಳು, ನನ್ನನ್ನು ನೋಡಿದಳು, ಮುಟ್ಟದೆ ಪಕ್ಕದವಳಿಗೆ ಕೊಟ್ಟಳು. ಎಲ್ಲರಿಗೂ ಗೊತ್ತಾಯಿತು. ಗೊತ್ತಾದ ಮೇಲೆ ಎಲ್ಲರೂ ದಿನಕ್ಕಿಂತ ಜೋರಾಗಿ ಹಾಡಿದರು.

ಕೂಟ ಮುಗಿದ ಮೇಲೆ ಹುಡುಕಿದೆ. ಡೋಲಕ್ಕಿಗೆ ಹೊದಿಸುವ ಗವಸಣಿಗೆಯ ಕೆಳಗೆ ಆ ಗಂಟು ಸಿಕ್ಕಿತು. ಸಿದ್ಧರಾಮನನ್ನು ಅಲ್ಲೇ ಹಿಡಿದು ಕೇಳಿದರೆ, "ಸ್ವಚ್ಛತಾ ನೋಡಬೇಕಲ್ಲ ಯವ್ವಾ? ಆಕಿ ಎಂಥಾ ಕೆಲಸಾ ಮಾಡ್ತಾಳ ನಿನಗ ಗೊತ್ತಿಲ್ಲೇನು? ಮಂದಿ ಏನಂದಾರು?" ಎಂದ. ಸ್ವಚ್ಛತೆ! ಬೇಕರಿಯವನು ಎಲ್ಲಿ ಕೈ ಇಟ್ಟು ಬಂದು ಹಿಟ್ಟು ನಾದಿದ ಎಂದು ಇವನು ನೋಡಿ ಬಂದಿದ್ದನೇ? ಇಂಡಿಯ ಕೂಟದಲ್ಲಿ ಮೈಕ್ ಹಿಡಿದು ಅಂಗಿ ತೊಯ್ಯುವ ಹಾಗೆ ಅತ್ತವನು ಇವನೇ. ಸ್ಪೀಕರಿನ ಆರ್ಭಟಕ್ಕೆ ಪಕ್ಕದೂರು ಸಾಲೋಟಗಿಯ ಎಮ್ಮೆಗಳು ಕಣ್ಣಿ ಕಿತ್ತಿರಬೇಕು. ಯೇಸುಸ್ವಾಮಿ ಎಂಥೆಂಥವರ ಪಂಕ್ತಿಯಲ್ಲಿ ಕೂತು ಉಂಡ ಎಂದು ಹೇಳಿ ಊರು ಅಳಿಸುತ್ತೀರಿ, ಮನೆಗೆ ಬಂದು ಯಾರ ಕೈ ಎಂಥದು ಎಂದು ಮೂಸುತ್ತೀರಿ. ಅದೇ ರೊಟ್ಟಿಯನ್ನು ಮಧ್ಯಾಹ್ನ ಅವನ ತಾಟಿಗೆ ಹಾಕಿದೆ. ತಾಟು ಸರಿಸಿ ಎದ್ದು ಹೋದ. ನಾನು ಉಂಡೆ. ನನಗೇನೂ ಆಗಿಲ್ಲ, ಗಟ್ಟಿಯಾಗಿದ್ದೇನೆ.

ಮುಂದಿನ ರವಿವಾರ ದುರ್ಗವ್ವ ಬರಲಿಲ್ಲ. ಬಸ್ ಸ್ಟ್ಯಾಂಡಿಗೆ ನಾನೇ ಹೋದೆ. ಕಸಬರಿಗೆ ಕೆಳಗಿಡದೆಯೇ ಅಂದಳು, "ಗುಡಿಯಾಗ ಹೊರಗ ನಿಂದ್ರ ಅಂತ ಮೊದಲ ಹೇಳತಿದ್ರರಿ ಯಕ್ಕಾರ. ನೀವು ಒಳಗ ಕರದು, ಕುರ್ಚಿ ಕೊಟ್ಟು, ಆಮ್ಯಾಲ ಹೇಳಿದ್ರಿ. ನನ್ನ ಪಾಳಿ ಬ್ಯಾರೇದವರಿಗೆ ಕೊಡ್ರಿ." ಆಕೆಯ ಕಣ್ಣಲ್ಲಿ ನೀರಿರಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಿ ಕರೆದು ತರುತ್ತಿದ್ದೆ. ಆಕೆ ಒಂದು ಸಲ ಹೋದಳೆಂದರೆ ಮತ್ತೆ ಬರುವುದಿಲ್ಲ ಗುರಪ್ಪ. ಕೈ ಹಿಡಿದು ಕರೆತಂದು ನಾವೇ ಹೊರಗೆ ದಬ್ಬಿದ ಹಾಗಾಯಿತು.

ಸಿದ್ಧರಾಮನ ಮೇಲೆ ನನಗೆ ಬಂದ ಸಿಟ್ಟು ಈ ಕಾಗದಕ್ಕೆ ಹಿಡಿಸುವುದಿಲ್ಲ. ಭಾಗ್ಯಜ್ಯೋತಿಗೂ ಅವಳ ಮಕ್ಕಳಿಗೂ ದೇವರು ಒಳ್ಳೆಯದು ಮಾಡಲಿ. ಗುಳಿಗೆ ತಪ್ಪಿಸಬೇಡ.

ನಿನ್ನ ಅಕ್ಕ,
ರೇವವ್ವ

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದೆ. ಇದನ್ನು ನೋಡಿ ಸಿದ್ಧರಾಮ ಬಾಯಿಬಿಟ್ಟ: "ಎಲ್ಲಾ ನನ್ನ ಮ್ಯಾಗ ಹಾಕಬ್ಯಾಡ ಯವ್ವಾ. ಆಕೀ ರೊಟ್ಟಿ ಬದಿಗಿಡು, ಬೇಕರೀದು ತಂದಿಡು ಅಂತ ಗುರಪ್ಪ ಮಾಮಾನೇ ನನಗ ಫೋನ್ ಮಾಡಿ ಹೇಳ್ಯಾನ." ಅವನು ಸುಳ್ಳು ಹೇಳಿದ್ದರೆ ಅವನ ಬೆನ್ನು ನಾನು ನೋಡಿಕೊಳ್ಳುತ್ತೇನೆ. ನೀನು ಹೇಳಿದ್ದು ನಿಜವಾದರೆ ಡಿಸೆಂಬರಿನ ಮೊದಲ ರವಿವಾರ ಊರುಗೋಲು ಊರಿಕೊಂಡಾದರೂ ಬಾ. ದುರ್ಗವ್ವನ ಮನೆಗೆ ಹೋಗಿ, ಆಕೆಯ ತಪ್ಪು ಏನೂ ಇಲ್ಲ ಎಂದು ಹೇಳಿ, ರೊಟ್ಟಿ ಕೇಳಿ ಇಸಕೊಂಡು ಎಲ್ಲರ ಮುಂದೆ ನೀನೇ ಹೊತ್ತು ತಾ. ಪಾಳಿ ಇನ್ನೂ ಆಕೆಯದೇ ಎಂದು ನಾನು ಸಭೆಗೆ ಹೇಳಿಯಾಗಿದೆ. ನೀನು ಬರದಿದ್ದರೆ ಆ ಮೇಜಿಗೆ ನಾನೂ ಬರುವುದಿಲ್ಲ. ಹೇಳಿದ್ದೀಯೋ, ಇಲ್ಲವೋ? ನವೆಂಬರ್ ೨೫ರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.