ಉಣಕಲ್ಲಿನ ಖಾನಾವಳಿ ತೆರೆದಿದೆ, ಸಾಹೇಬರೇ

ಮಾರುಕಟ್ಟೆಯಲ್ಲಿ ಸ್ಪರ್ಧೆ ಬದುಕಿದೆಯೋ ಸತ್ತಿದೆಯೋ ಎಂದು ನಾಡಿ ಹಿಡಿದು ನೋಡುವ ಆಯೋಗದ ಮಾನ್ಯ ಅಧ್ಯಕ್ಷರೇ,

ಸಮಸ್ತ ಭಾರತದ ಗಮನಕ್ಕೆ ತರುವುದೇನೆಂದರೆ, ಇಂದು ಮಧ್ಯಾಹ್ನ ಹನ್ನೆರಡೂವರೆಗೆ ಹುಬ್ಬಳ್ಳಿಯ ಉಣಕಲ್ಲಿನಲ್ಲಿ ಶಿವಲಿಂಗವ್ವನ ಖಾನಾವಳಿ ತೆರೆದಿತ್ತು. ಎರಡು ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿ ಮತ್ತು ನನ್ನ ಬೆವೆತ ನೆತ್ತಿ ಇದಕ್ಕೆ ಸಾಕ್ಷಿ. ಇಷ್ಟಕ್ಕೇಕೆ ಡಂಗುರ ಎನ್ನುವಿರೇನೋ. ತಾವು ವರ್ಷಗಳಿಂದ ವಿಚಾರಣೆ ನಡೆಸುತ್ತಿರುವ ಆ ದೊಡ್ಡ ಕಂಪನಿಯ ನಕ್ಷೆಯ ಪ್ರಕಾರ ಈ ಖಾನಾವಳಿ ನಾಲ್ಕು ತಿಂಗಳ ಹಿಂದೆಯೇ ‘ಶಾಶ್ವತವಾಗಿ ಮುಚ್ಚಿದೆ’.

ನಿತ್ಯ ಉಣ್ಣುವ ನಮಗೆ ದಾರಿ ಗೊತ್ತು. ಆದರೆ ಧಾರವಾಡ ರಸ್ತೆಯಲ್ಲಿ ಹೋಗುವ ಪರವೂರಿನವರು ಫೋನು ನೋಡಿಯೇ ಹಸಿಯುವ ಕಾಲ ಇದು. ಅವರು ಬರುವುದು ನಿಂತಿತು. ಎರಡು ಒಲೆಗಳಲ್ಲಿ ಒಂದು ಆರಿತು. ಹನ್ನೆರಡು ವರ್ಷ ಜೊತೆಗೆ ರೊಟ್ಟಿ ಬಡಿದ ಸಾವಕ್ಕನಿಗೆ ಶಿವಲಿಂಗವ್ವ ಈಗ ದಿನ ಬಿಟ್ಟು ದಿನ ಬಾ ಎಂದಿದ್ದಾಳೆ.

“ನಾ ಇಲ್ಲೇ ಕುಂತೇನಿ, ಒಲಿ ಉರಿಯಾಕತ್ತೈತಿ,” ಎಂದಳು ಶಿವಲಿಂಗವ್ವ. “ನಾ ಬಂದ್ ಆಗೇನಿ ಅಂತ ಆ ನಕ್ಷೆಯವಂಗ ಹೇಳಿದವರರ ಯಾರ‍್ರಿ, ಅಣ್ಣಾರ?”

ನಾನು ಹಿಂಡಿಗೆ ಎಣ್ಣೆ ಕಲಸುತ್ತ ತಲೆ ತಗ್ಗಿಸಿದೆ. ಏಕೆಂದರೆ, ಸಾಹೇಬರೇ, ಹೇಳಿದವನು ನಾನೇ.

ಸೋಮವಾರ ಶಿವಲಿಂಗವ್ವ ಒಲೆ ಹಚ್ಚುವುದಿಲ್ಲ. ಅತ್ತೆಯ ಕಾಲದ ರೂಢಿಯಂತೆ ಮಠದ ದಾಸೋಹಕ್ಕೆ ರೊಟ್ಟಿ ಬಡಿಯಲು ಹೋಗುತ್ತಾಳೆ. ಊಟವಿಲ್ಲವೆಂದು ಗೊತ್ತಿದ್ದೂ ನಾವು ಏಳೆಂಟು ಜನ ಬಂದು ಬೀಗ ಹಾಕಿದ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತು ದೇಶ ಸುಧಾರಿಸುತ್ತೇವೆ. ಆಗ ಫೋನು ವಿನಯದಿಂದ ಕೇಳಿತು: ‘ಈ ಸ್ಥಳ ಮುಚ್ಚಿದೆಯೇ?’ ಬೀಗ ಕಣ್ಣೆದುರಿಗಿತ್ತು. ‘ಹೌದು’ ಎಂದು ಒತ್ತಿದೆವು. ಸೋಮವಾರದಿಂದ ಸೋಮವಾರಕ್ಕೆ, ಸತ್ಯವಂತರಾಗಿ, ಎಲ್ಲರೂ ಒತ್ತಿದೆವು.

ತಪ್ಪು ನಮ್ಮದು, ಒಪ್ಪಿದೆ. ತಿದ್ದುವುದೆಲ್ಲಿ? ಫೋನು ನಡೆಸುವವರು ಅವರು, ನಕ್ಷೆ ಬರೆಯುವವರು ಅವರು, ಹುಡುಕಿ ಕೊಡುವವರು ಅವರು, ದೂರಿನ ಕಿಟಕಿಯೊಳಗೆ ಕೂತವರೂ ಅವರೇ. ಹನ್ನೊಂದು ಸಲ ಬರೆದೆ. ಹನ್ನೊಂದು ಸಲವೂ ‘ನಿಮ್ಮ ಬದಲಾವಣೆಯನ್ನು ಒಪ್ಪಲಾಗಿಲ್ಲ’ ಎಂದು ಬಂತು, ಧನ್ಯವಾದದ ಸಮೇತ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿದ ಕಾಲಿನಂತೆ ಮನಸ್ಸು ಜೋಮು ಹಿಡಿದಿದೆ.

ಅಮರಗೋಳದ ಎಪಿಎಂಸಿ ಯಾರ್ಡಿನಲ್ಲಿ ದಲಾಲಿ ಅಂಗಡಿ ಇಟ್ಟಿರುವ ಕುಬೇರಪ್ಪ ಪಕ್ಕದ ತಾಟಿನಿಂದ ಹೇಳಿದ: “ನಮ್ಮಲ್ಲಿ ಒಬ್ಬನ ತೂಕದ ಕಾಟಾ ಹಿಡಸಲಿಲ್ಲಂದ್ರ ರೈತ ಚೀಲ ಹೊತಗೊಂಡು ಬಾಜೂ ಅಂಗಡಿಗೆ ಹೊಕ್ಕಾನ. ಅದಕ್ಕ ಹೆದರೇ ನಾವು ಕಾಟಾ ನೆಟ್ಟಗ ಇಡತೇವಿ. ನಿಮ್ಮ ಫೋನಿಗೆ ಬಾಜೂ ಅಂಗಡಿನ ಇಲ್ಲಲ್ರಿ!”

ತಮ್ಮ ವಕೀಲರು ಸಾವಿರ ಪುಟಗಳಲ್ಲಿ ಬೇರೇನು ಹೇಳುತ್ತಿದ್ದಾರೆ? ತಾವು ಆದೇಶ ಹೊರಡಿಸುತ್ತೀರಿ, ಅವರು ಮೇಲ್ಮನವಿ ಹಾಕುತ್ತಾರೆ, ಕಡತಕ್ಕೆ ವಯಸ್ಸಾಗುತ್ತದೆ. ಒಲೆಗೆ ಅಷ್ಟು ಆಯುಷ್ಯವಿಲ್ಲ. ದೀಪಾವಳಿಯ ತನಕ ನೋಡಿ ಬಾಗಿಲು ಹಾಕುತ್ತೇನೆ ಎಂದಿದ್ದಾಳೆ ಶಿವಲಿಂಗವ್ವ. ಆಗ ಕಂಪನಿಯ ಮಾತು ನಿಜವಾಗುತ್ತದೆ, ದೂರಿಗೂ ಆಧಾರ ಉಳಿಯುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ: ಪ್ರತಿ ಫೋನಿನಲ್ಲೂ ಇನ್ನೊಬ್ಬರ ನಕ್ಷೆಗೂ ಸಮನಾದ ಜಾಗ ಕೊಡಿಸಿ. ಮಾಲೀಕರನ್ನು ಮಾತಾಡಿಸದೆ ಯಾರ ಬಾಗಿಲನ್ನೂ ‘ಶಾಶ್ವತವಾಗಿ’ ಮುಚ್ಚಕೂಡದೆಂದು ಆದೇಶಿಸಿ. ದೀಪಾವಳಿಗೆ ಮುಂಚೆ.

ಇಂತಿ,
ಸತ್ಯ ಹೇಳಿ ಒಲೆ ಆರಿಸಿದವರಲ್ಲಿ ಒಬ್ಬ,
ಗೋಪನಕೊಪ್ಪ, ಹುಬ್ಬಳ್ಳಿ

ವಿ.ಸೂ.: ಈ ಕಡೆ ಬಂದರೆ ಉಣಕಲ್ ಕೆರೆಯ ಹತ್ತಿರ ಯಾರನ್ನಾದರೂ ಕೇಳಿ, ದಾರಿ ತೋರಿಸುತ್ತಾರೆ. ಉಂಡು, ಕೈ ತೊಳೆದು, ತಮ್ಮ ಫೋನಿನಲ್ಲಿ ‘ತೆರೆದಿದೆ’ ಎಂದು ಒಮ್ಮೆ ಒತ್ತಿಬಿಡಿ. ಸೋಮವಾರ ಮಾತ್ರ ಬರಬೇಡಿ.