ಕಲ್ಮೇಶನ ಪೆಟ್ಟಿಗೆಯಲ್ಲಿಟ್ಟದ್ದು

ಖಾನಾಪುರ
೧೪ ಡಿಸೆಂಬರ್ ೨೦೦೦, ಗುರುವಾರ

ಕಲ್ಮೇಶನ ಅಪ್ಪನವರಿಗೆ ಪದ್ಮವ್ವನ ನಮಸ್ಕಾರ.

ಈಗ ಸಂಜೆ ನಾಲ್ಕೂ ಮುಕ್ಕಾಲು. ಬೆಳಿಗ್ಗೆ ರೊಟ್ಟಿ ಬಡಿದೆ, ಪ್ರಮಿಳಾಳನ್ನು ಬೆಳಗಾವಿಯ ಗಾಡಿಗೆ ಕಳಿಸಿದೆ. ಮಧ್ಯಾಹ್ನ ಅವಳ ಗೆಳತಿ ಪೂನಮ ಬಂದು ಹೋದಳು. ಮೂರು ಗಂಟೆಗೆ ನಾನೊಬ್ಬಳೇ ಸ್ಟೇಷನ್ ರಸ್ತೆಯವರೆಗೆ ಹೋಗಿ ಬಂದೆ. ದಿನದಲ್ಲಿ ಆದದ್ದು ಇಷ್ಟೇ. ಡೈರಿ ತೆಗೆದುಕೊಂಡು ಕುಳಿತೆ, ಇಷ್ಟು ಬರೆದ ಮೇಲೆ ಕೈ ಮುಂದಕ್ಕೆ ಹೋಗಲಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಪ್ರಮಿಳಾ ಆರೂ ಹತ್ತರ ಪ್ಯಾಸೆಂಜರಿಗೆ ಬರುತ್ತಾಳೆ, ಅಷ್ಟರೊಳಗೆ ಮುಗಿಸಬೇಕು.

ನಿಮ್ಮ ಮೊಣಕಾಲು ಹೇಗಿದೆ? ವಾಸ್ಕೋದಲ್ಲಿ ಚಳಿಯೇ ಇಲ್ಲ ಎಂದು ಹೋದ ಪತ್ರದಲ್ಲಿ ಬರೆದಿದ್ದಿರಿ. ಚಳಿ ಇಲ್ಲದಿದ್ದರೂ ಸಮುದ್ರದ ಗಾಳಿ ಕೀಲುಗಳಿಗೆ ಒಳ್ಳೆಯದಲ್ಲ. ಗೋದಾಮಿನ ಕಾವಲಿಗೆ ಕೂರುವಾಗ ಕಂಬಳಿಯನ್ನು ಕಾಲ ಮೇಲೆ ಹಾಕಿಕೊಳ್ಳಿ, ಹೆಗಲ ಮೇಲೆ ಹಾಕಿಕೊಂಡು ಮೆರೆಯುವುದು ಬೇಡ. ಮೆಸ್ಸಿನ ಅನ್ನ ಸೇರದಿದ್ದರೆ ತಿಳಿಸಿ, ಆ ಕಡೆ ಹೋಗುವವರು ಯಾರಾದರೂ ಸಿಕ್ಕರೆ ಶೇಂಗಾ ಚಟ್ನಿ ಕಳಿಸುತ್ತೇನೆ. ನಾನು ಆರಾಮಾಗಿದ್ದೇನೆ. ರಕ್ತ ಕಡಿಮೆ ಇದೆ ಎಂದು ಕೊಟ್ಟ ಗುಳಿಗೆ ಮುಗಿದವು, ಮತ್ತೆ ತರಿಸಿಲ್ಲ.

ಮೇಲೆ ಕಲ್ಮೇಶನ ಅಪ್ಪ ಎಂದೇ ಬರೆದಿದ್ದೇನೆ. ನಂದಗಡದಿಂದ ನಿಮ್ಮ ಅಣ್ಣನವರು ಬಂದಾಗಲೆಲ್ಲ ಹೇಳುತ್ತಾರೆ, "ಹೋದಾಂವ ಹೋದ, ಇನ್ನ ಪ್ರಮಿಳಾನ ಅಪ್ಪ ಅನ್ನವಾ" ಎಂದು. ಅವನು ಹೋಗಿ ಹದಿನಾಲ್ಕು ತಿಂಗಳಾಯಿತು. ನಾನು ನಿಮ್ಮನ್ನು ಆ ಹೆಸರಿನಿಂದ ಕರೆಯಲು ಹಿಡಿದು ಇಪ್ಪತ್ತಾರು ವರ್ಷ. ಬಾಯಿ ತಿರುಗುವುದಿಲ್ಲ. ಡೈರಿಯೂ ಅವನದೇ. ಆಟೋ ನಗರದ ಗ್ಯಾರೇಜಿನವರು ಹೊಸ ವರ್ಷಕ್ಕೆ ಕೊಟ್ಟದ್ದು, ಅದರಲ್ಲಿ ಅವನು ಬರೆದದ್ದು ನಾಲ್ಕೇ ಪುಟ, ಯಾವ ಲಾರಿಗೆ ಯಾವ ನಟ್ಟು ಬೇಕು ಎಂದು. ಹೋದ ವರ್ಷ ಅಕ್ಟೋಬರಿನಲ್ಲಿ ಲಾರಿಯ ಕೆಳಗಿನ ಜಾಕ್ ಜಾರಿ ಅವನು ಹೋದ ಮೇಲೆ ಉಳಿದ ಪುಟಗಳೆಲ್ಲ ನನ್ನ ಪಾಲಿಗೆ ಬಂದವು. ಏಳನೆಯ ಇಯತ್ತೆಯವರೆಗೆ ಕಲಿತದ್ದು ಇದಕ್ಕಾದರೂ ಉಪಯೋಗವಾಯಿತು.

ಪ್ರಮಿಳಾಳ ಸುದ್ದಿ ಹೇಳುತ್ತೇನೆ. ಅವಳಿಗೆ ನಾಳೆ ಕೊನೆಯ ಪರೀಕ್ಷೆ ಎಂದು ನಿಮಗೆ ಗೊತ್ತೇ ಇದೆ. ಬರೆಯುವ ಪರೀಕ್ಷೆಗಳೆಲ್ಲ ಮುಗಿದಿವೆ. ನಾಳೆ ಧಾರವಾಡದಿಂದ ಒಬ್ಬ ಸರ್ ಬರುತ್ತಾರಂತೆ. ಅವರ ಎದುರಿಗೆ ತಾನು ಮಾಡಿದ ಪ್ರೋಗ್ರಾಂ ಅನ್ನು ಕಂಪ್ಯೂಟರಿನಲ್ಲಿ ನಡೆಸಿ ತೋರಿಸಬೇಕು, ಕೇಳಿದ್ದಕ್ಕೆ ಉತ್ತರ ಕೊಡಬೇಕು. ಅದು ನಡೆಯದಿದ್ದರೆ ಎಂ.ಎಸ್ಸಿ. ಇಲ್ಲ, ಮತ್ತೆ ಆರು ತಿಂಗಳು. ಮತ್ತೆ ಆರು ತಿಂಗಳು ನಮ್ಮ ಕೈಯಲ್ಲಿಲ್ಲ. ಅಕ್ಟೋಬರಿನಲ್ಲಿ ಕಲ್ಮೇಶನ ವರ್ಷದ ಊಟಕ್ಕೆ ಎಲ್ಲರೂ ಕೂಡಿದಾಗ ಭಾವನವರು ಪಂಕ್ತಿಯಲ್ಲೇ ಕೇಳಿದ್ದರಲ್ಲ, "ಏನ ಮುತ್ತಪ್ಪಾ, ಹೆಣ್ಣಮಗಳು ಎರಡೂವರಿ ವರ್ಷ ಆತು ದಿನಾ ರೈಲ ಹತ್ತಾಕತ್ತಾಳ. ಇದು ಮುಗಿಯೂದು ಯಾವಾಗ?" ಎಂದು. ನೀವು ಎಲೆಯಿಂದ ತಲೆ ಎತ್ತದೆ, "ಡಿಸೆಂಬರಿಗೆ ಮುಗೀತೈತಿ ಅಣ್ಣಾ. ಈ ಸಲ ಆಗಲಿಲ್ಲಂದ್ರ ಪುಸ್ತಕ ಕಟ್ಟಿ ಇಡತಾಳ. ಮಾಯಪ್ಪಂದೂ ಇಕಿದೂ ಮದವಿ ಮುಗಿಸಿಬಿಡೂಣು" ಎಂದಿರಿ. ಮಾಯಪ್ಪ ಭಾವನವರ ಹೆಂಡತಿಯ ತಮ್ಮ, ಕೆಟ್ಟವನೇನಲ್ಲ. ಆದರೆ ಪ್ರಮಿಳಾ ಆಗ ಸಾರು ಬಡಿಸುತ್ತಿದ್ದಳು. ಸವಟು ಒಂದು ಕ್ಷಣ ಗಾಳಿಯಲ್ಲೇ ನಿಂತದ್ದನ್ನು ನಾನು ನೋಡಿದೆ. ನೀವು ನೋಡಲಿಲ್ಲ. ಆಮೇಲೆ ಅವಳು ಆ ಮಾತೇ ಎತ್ತಲಿಲ್ಲ, ಓದಿಗೆ ಕುಳಿತಳು. ಅಣ್ಣ ತೀರಿಕೊಂಡಾಗ ಒಂದು ಪರೀಕ್ಷೆಗೆ ಕೂರದೆ ಹಿಂದೆ ಬಿದ್ದವಳು, ಇಲ್ಲದಿದ್ದರೆ ಜೂನಿನಲ್ಲೇ ಮುಗಿಯುತ್ತಿತ್ತು.

ಈ ಓದಿನ ಅರ್ಜಿ ತುಂಬಿದವನೇ ಕಲ್ಮೇಶ. ಗ್ರೀಸಿನ ಬೆರಳು ತಾಗಿ ಅರ್ಜಿಯ ಮೂಲೆ ಕಪ್ಪಾದಾಗ, "ನಾ ಲಾರಿ ಬಿಚ್ಚತೀನಿ, ನೀ ಕಂಪ್ಯೂಟರ್ ಬಿಚ್ಚವಾ. ಜೋಡಿಸಾಕ ಬರಲಿಲ್ಲಂದ್ರ ಇಬ್ಬರೂ ಕೂಡಿ ಓಡಿಹೋಗೂಣು" ಎಂದು ನಗಿಸಿದ್ದ. ಅವಳ ಪ್ರೋಗ್ರಾಂ ಕುರಿಗಳದ್ದು. ಯಾವ ಊರಿನ ಯಾವ ಹಿಂಡಿಗೆ ಯಾವಾಗ ಲಸಿಕೆ ಹಾಕಿದೆ, ಮುಂದೆ ಯಾವಾಗ ಹಾಕಬೇಕು ಎಂದು ಅದು ತಾನೇ ನೆನಪಿಟ್ಟು ಹೇಳುತ್ತದೆ. ಇದಕ್ಕಾಗಿ ಹನ್ನೊಂದು ಊರಿನ ಹಟ್ಟಿಗಳನ್ನು ತಿರುಗಿದ್ದಾಳೆ. ಅವಳ ಸರ್ ಮೊದಲು ನಕ್ಕರಂತೆ, "ಎಲ್ಲಾರೂ ಬ್ಯಾಂಕಂದು ಮಾಡತಾರ, ನೀ ಕುರೀದು ಮಾಡತಿಯೇನ?" ಎಂದು. ಇವಳು, "ಬ್ಯಾಂಕಿನಾಗ ನಮ್ಮವರು ಯಾರೂ ಇಲ್ರಿ ಸರ್. ದೊಡ್ಡಪ್ಪನ ಹಟ್ಟ್ಯಾಗ ಕುರಿ ಎಂಬತ್ತು ಅದಾವು" ಎಂದಳಂತೆ. ಈಗ ಅದೇ ಸರ್ ಅದನ್ನು ಎಲ್ಲರಿಗೂ ಕರೆದು ತೋರಿಸುತ್ತಾರೆ.

ಹದಿನೈದು ದಿನದ ಹಿಂದೆ ಅವರ ಕಾಲೇಜಿನ ಕಂಪ್ಯೂಟರುಗಳಿಗೆ ಏನೋ ವೈರಸ್ ಬಂತು. ಮನುಷ್ಯರಿಗೆ ಬರುವಂಥದ್ದಲ್ಲ, ಯಂತ್ರಗಳ ಜಡ್ಡು. ಒಳಗೆ ಇದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಮಾಡಿದರು. ಕೆಲವು ಹುಡುಗರು ಅತ್ತರಂತೆ. ಪ್ರಮಿಳಾ ಅಳಲಿಲ್ಲ, ಅವಳು ಮೊದಲೇ ಎಲ್ಲವನ್ನೂ ಫ್ಲಾಪಿಗಳಲ್ಲಿ ಇಳಿಸಿಕೊಂಡು ಬಂದಿದ್ದಳು. ಅಂಗೈಯಷ್ಟು ಅಗಲದ ಕರಿಯ ಚೌಕಗಳು, ಒಂದು ಬದಿಗೆ ತಗಡಿನ ಪಟ್ಟಿ. ಮೂರರಲ್ಲಿ ಇಡೀ ಪ್ರೋಗ್ರಾಂ ಹಿಡಿಸುತ್ತದೆ. ಒಂದು ಜೊತೆ ಕೆಟ್ಟರೆ ಇನ್ನೊಂದು ಇರಲಿ ಎಂದು ಅದನ್ನೇ ಮತ್ತೆ ಮೂರರಲ್ಲಿ ಇಳಿಸಿದ್ದಳು. ಕಾಲೇಜಿನ ಯಂತ್ರಕ್ಕೆ ಪರೀಕ್ಷೆಯ ದಿನವೇ ಮತ್ತೆ ಹಾಕುತ್ತೇನೆ ಎಂದು ಆರನ್ನೂ ನನ್ನ ಕೈಗೆ ಕೊಟ್ಟು, "ಯವ್ವಾ, ಜ್ವಾಕಿಲೆ ಇಡು. ಧೂಳ ತಾಗಬಾರದು, ಬಿಸಲ ತಾಗಬಾರದು, ನೀರ ತಾಗಬಾರದು" ಎಂದಳು. ಮೂರೇ ಮಾತು ಹೇಳಿದಳು.

ಧೂಳು, ಬಿಸಿಲು, ನೀರು ಮೂರೂ ತಾಗದ ಜಾಗ ನಮ್ಮ ಮನೆಯಲ್ಲಿ ಒಂದೇ. ದೇವರ ಜಗಲಿಯ ಮೇಲಿನ ಕಲ್ಮೇಶನ ಪೆಟ್ಟಿಗೆ. ಹಿರಿಯರ ಪೂಜೆಗೆ ಅವನ ಹೆಸರಿನಲ್ಲಿ ಇಟ್ಟ ಆ ತಗಡಿನ ಪೆಟ್ಟಿಗೆಯಲ್ಲಿ ಅವನ ಖಾಕಿ ಅಂಗಿ ಇದೆ, ಐ.ಟಿ.ಐ. ಪ್ರಮಾಣಪತ್ರ ಇದೆ, ಅವನ ಚುಂಬಕ ಇದೆ. ನಿಮಗೆ ನೆನಪಿರಬಹುದು, ಒಡೆದ ದೊಡ್ಡ ಸ್ಪೀಕರಿನಿಂದ ಬಿಚ್ಚಿಕೊಂಡಿದ್ದ ಆ ದುಂಡನೆಯ ಚುಂಬಕ. ಗ್ರೀಸಿನ ಡಬ್ಬಿಯಲ್ಲಿ ಬಿದ್ದ ನಟ್ಟುಗಳನ್ನು ಅದರಿಂದ ಎತ್ತುತ್ತಿದ್ದ. ಮನೆಗೆ ಬಂದರೆ ನನ್ನ ಸೂಜಿ ಕಳೆದಾಗ ಅದನ್ನೇ ನೆಲದ ಮೇಲೆ ಆಡಿಸಿ, "ನೋಡವಾ, ಸೂಜಿ ಕರೀದಽ ಬಂತು" ಎನ್ನುತ್ತಿದ್ದ. ಅವನು ಹೋದ ದಿನ ಗ್ಯಾರೇಜಿನವರು ಅವನ ಜೇಬಿನಿಂದ ತೆಗೆದು ಕೊಟ್ಟದ್ದು ಅದೊಂದೇ.

ಮಧ್ಯಾಹ್ನದಿಂದ ನೂರು ಸಲ ನೆನೆಸಿಕೊಂಡಿದ್ದೇನೆ, ಆ ದಿನ ಸ್ನಾನ ಮಾಡಿ ಮಡಿಯಲ್ಲೇ ಇಟ್ಟೆ. ಪ್ಲಾಸ್ಟಿಕ್ಕಿನ ಡಬ್ಬಿ ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ, ಅದಕ್ಕೆ ಫ್ಲಾಪಿಗಳನ್ನು ಹೊರಗೆ ತೆಗೆದೆ. ಮೊದಲನೆಯದನ್ನು ಒಳಗೆ ಒಯ್ಯುತ್ತಿದ್ದಂತೆ ಅದು ನನ್ನ ಬೆರಳಿನಿಂದ ತಾನೇ ಜಿಗಿದು ಅವನ ಚುಂಬಕಕ್ಕೆ ಟಕ್ ಎಂದು ಅಂಟಿಕೊಂಡಿತು. ಅಣ್ಣ ಕೈಚಾಚಿ ತಂಗಿಯದನ್ನು ಇಸಿದುಕೊಂಡ ಎಂದೇ ತಿಳಿದೆ. ಕಣ್ಣೀರು ಬಂತು. ಆಮೇಲೆ ಬೇಕೆಂದೇ ಮೂರನ್ನು ಅದರ ಮೇಲೆ, ಮೂರನ್ನು ಅದರ ಕೆಳಗೆ ಇಟ್ಟು, ಅವನ ಅಂಗಿಯಲ್ಲಿ ಸುತ್ತಿ, ಪೆಟ್ಟಿಗೆ ಮುಚ್ಚಿ ಅರಿಷಿಣದ ಭಂಡಾರ ಹಚ್ಚಿದೆ. ಅಂದಿನಿಂದ ದಿನಾ ಊದುಬತ್ತಿ ಹಚ್ಚುವಾಗ, ನಿನ್ನ ಕೈಯಲ್ಲಿ ಕೊಟ್ಟಿದ್ದೇನೆ ಮಗನೇ ಎಂದು ಹೇಳುತ್ತಿದ್ದೆ.

ಇವತ್ತು ಪೂನಮ ಬಂದಿದ್ದಳು ಎಂದೆನಲ್ಲ. ಮಚ್ಛೆಯ ಹುಡುಗಿ, ಮರಾಠಿ ಮನೆಯವಳು, ಪ್ರಮಿಳಾಳ ಬಾಜು ಕೂರುವವಳು. ಖಾನಾಪುರದಲ್ಲಿರುವ ಅತ್ತೆಯ ಮನೆಗೆ ಬಂದವಳು ಹಾಗೇ ಇಲ್ಲಿಗೂ ಬಂದಳು. ಪ್ರಮಿಳಾ ತನ್ನ ಪ್ರೋಗ್ರಾಂ ಬಗ್ಗೆ ಬರೆದ ಪುಸ್ತಕಕ್ಕೆ ರಟ್ಟು ಹಾಕಿಸಲು ಬೆಳಗಾವಿಗೆ ಹೋಗಿದ್ದಾಳೆ ಎಂದೆ. ಚಹಾ ಕುಡಿದಳು. "ಕಾಕೂ, ಆಕಿ ಫ್ಲಾಪಿ ಎಲ್ಲಿ ಇಟ್ಟೀರಿ? ನಾ ನಂದು ಅಕ್ಕಿ ಡಬ್ಬ್ಯಾಗ ಇಟ್ಟಿದ್ದೆ, ಆಯಿ ನುಚ್ಚಂತ ತಿಳಿದು ಕುದಸ್ತಿದ್ದಳು" ಎಂದು ನಗಾಡಿದಳು. ಕಲ್ಮೇಶನ ಹತ್ತಿರ ಇಟ್ಟಿದ್ದೇನೆ ಎಂದೆ. ಅವಳು ಜಗಲಿಯ ಕಡೆ ನೋಡಿ, "ಹಂಗಿದ್ರ ಚಿಂತಿ ಇಲ್ಲ ಬಿಡ್ರಿ" ಎಂದಳು. ಆಮೇಲೆ ತನ್ನ ತಮ್ಮನ ಒಂದು ಸಂಗತಿ ಹೇಳಿದಳು. ಅವಳು ನಕ್ಕಳು, ನಾನೂ ನಕ್ಕೆ. ಅವಳು ಚಪ್ಪಲಿ ಮೆಟ್ಟಿ ಹೋದ ಮೇಲೂ ನಾನು ಬಾಗಿಲಲ್ಲೇ ನಿಂತಿದ್ದೆನಂತೆ. ಎದುರು ಮನೆಯ ರೇಣವ್ವ ಕೂಗಿ ಕೇಳಿದಳು, ಏನಾತವಾ ಎಂದು. ಏನಿಲ್ಲ ಎಂದೆ.

ಊರಲ್ಲಿ ಉಳಿದವರೆಲ್ಲ ಕ್ಷೇಮ. ಮಲಪ್ರಭೆಯಲ್ಲಿ ನೀರು ಇನ್ನೂ ಇದೆ. ನಿಮಗೆ ರಜೆ ಸಿಗುವುದು ಯಾವಾಗ ಎಂದು ಬರೆಯಿರಿ. ಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಿಮ್ಮ ಜೊತೆ ಕಾವಲಿಗಿರುವ ಆ ಮುದುಕನನ್ನೂ ಕೇಳಿದೆನೆಂದು ಹೇಳಿ. ಮಾಯಕ್ಕದೇವಿ ನಿಮ್ಮನ್ನು ಕಾಯಲಿ, ಅಲ್ಲಿ ನಿಮ್ಮವರೆಂದು ಯಾರೂ ಇಲ್ಲ.

ಇಂತು ನಿಮ್ಮ
ಪದ್ಮವ್ವ

ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ: ಪೂನಮ ಹೇಳಿದ್ದು ಇದು. "ನನ್ನ ತಮ್ಮ ಟೇಪಿನ ಸ್ಪೀಕರ್ ಮ್ಯಾಲ ಫ್ಲಾಪಿ ಇಟ್ಟು ನಂದೆಲ್ಲಾ ಅಳಸಿಬಿಟ್ಟ ಕಾಕೂ. ಅದರಾಗ ಚುಂಬಕ ಇರತೈತಲ್ರಿ, ಅದು ಫ್ಲಾಪಿಗೆ ಯಮಾ. ಕಾಗದದ ಮ್ಯಾಲಿಂದು ನೋಡಿ ಮತ್ತ ಟೈಪ್ ಮಾಡಾಕ ಪೂರಾ ಎರಡು ದಿನ ಹಿಡೀತು." ಆಗಲೇ ಅವಳ ಕೈ ಹಿಡಿದು ಹೇಳಬೇಕಿತ್ತು, ಹೇಳಲಿಲ್ಲ. ಮೊದಲು ನಾನೇ ನೋಡಬೇಕು ಎನಿಸಿತು. ಪೆಟ್ಟಿಗೆ ತೆರೆದೆ. ಚುಂಬಕದಿಂದ ಅವನ್ನು ಎಳೆದು ಬಿಡಿಸಬೇಕಾಯಿತು. ಮೇಲಿನದೊಂದು, ಕೆಳಗಿನದೊಂದು ಸೆರಗಿನಲ್ಲಿ ಕಟ್ಟಿಕೊಂಡು ಸ್ಟೇಷನ್ ರಸ್ತೆಯ ಗುರುಪುತ್ರಪ್ಪನವರ ಅಂಗಡಿಗೆ ಹೋದೆ. ಕಂಪ್ಯೂಟರಿನಲ್ಲಿ ಜಾತಕ ತೆಗೆದುಕೊಡುತ್ತಾರಲ್ಲ, ನನಗೆ ಗೊತ್ತಿರುವ ಯಂತ್ರ ಊರಲ್ಲಿ ಅದೊಂದೇ. "ಬರ್ರಿ ಅಕ್ಕಾರ, ಕುಂದರ್ರಿ. ಹೋದ ತಿಂಗಳ ನಂದಗಡದ ನಿಮ್ಮ ಭಾವ ಬಂದು ಮಗಳದೂ ಹುಡುಗಂದೂ ಜಾತಕ ತಗಸಿಕೊಂಡು ಹೋದ್ರಲ್ರಿ. ಭಾಳ ಚಲೋ ಕೂಡಿ ಬಂದೈತಿ, ಮುಹೂರ್ತದ ದಿನಾ ನೋಡೂದೇನ್ರಿ?" ಎಂದರು. ಪರೀಕ್ಷೆ ಆಗುವವರೆಗೂ ಭಾವನವರು ಕಾದಿಲ್ಲ. ನಿಮಗೆ ಇದು ಗೊತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಫ್ಲಾಪಿ ಕೊಟ್ಟೆ. ಯಂತ್ರ ಕರಕರ ಎಂದಿತು. ಅವರು ಹೇಳಿದರು, "ಇದರಾಗ ಏನೂ ಇಲ್ರಿ ಅಕ್ಕಾರ. ಹೊಸಾದೇನ್ರಿ? ಅಳಸಿ ತಯಾರ ಮಾಡಲೇನು ಅಂತ ಕೇಳಾಕತ್ತೈತಿ, ಹೂಂ ಅನ್ನಲೇನ್ರಿ?" ಬ್ಯಾಡ ಎಂದು ಕೂಗಿದೆ, ರಸ್ತೆಯವರು ತಿರುಗಿ ನೋಡಿದರು. ಎರಡನೆಯದಕ್ಕೂ ಅದೇ ಕೇಳಿತು. ಉಳಿದ ನಾಲ್ಕೂ ಇಷ್ಟು ದಿನ ಅದೇ ಚುಂಬಕಕ್ಕೆ ಅಂಟಿಕೊಂಡಿದ್ದವು.

ಅವಳು ರಟ್ಟು ಹಾಕಿಸಿ ತರುವ ಪುಸ್ತಕದ ಹಿಂದೆ ಪ್ರೋಗ್ರಾಂ ಪೂರ್ತಿ ಅಚ್ಚಾಗಿದೆ, ನಲವತ್ತೆರಡು ಪುಟ. ಗುರುಪುತ್ರಪ್ಪನವರು ಎಂಟಕ್ಕೆ ಬಾಗಿಲು ಹಾಕುವವರು, ಇವತ್ತು ಮಗಳು ಎಷ್ಟು ಹೊತ್ತು ಕುಳಿತರೂ ತಾವೂ ಕೂರುತ್ತೇನೆ ಎಂದಿದ್ದಾರೆ. ಪೂನಮ ಇನ್ನೂ ಅತ್ತೆಯ ಮನೆಯಲ್ಲೇ ಇದ್ದಾಳೆ, ರೇಣವ್ವನನ್ನು ಅಲ್ಲಿಗೆ ಕಳಿಸಿದ್ದೇನೆ. ಅದನ್ನು ನೋಡಿ ಮತ್ತೆ ಟೈಪ್ ಮಾಡಲು ಇಬ್ಬರಿಗೆ ಒಂದು ರಾತ್ರಿ ಸಾಕಾಗುತ್ತದೋ ಇಲ್ಲವೋ ತಿಳಿಯದು. ಮಧ್ಯಾಹ್ನವೇ ಬಾಯಿ ತೆರೆದಿದ್ದರೆ ಪೂನಮ ಬೆಳಗಾವಿಗೇ ಹೋಗಿ ಅವಳನ್ನು ಹಿಡಿಯುತ್ತಿದ್ದಳು, ನಾಲ್ಕು ತಾಸು ಹೆಚ್ಚು ಸಿಗುತ್ತಿತ್ತು. ಈ ಪತ್ರ ನಿಮಗೆ ಮುಟ್ಟುವಾಗ ಆಗುವುದು ಆಗಿರುತ್ತದೆ. ಒಂದೇ ಮಾತು ಕೇಳುತ್ತೇನೆ, ಇದುವರೆಗೆ ಏನೂ ಕೇಳಿದವಳಲ್ಲ: ಓದಿದ ತಕ್ಷಣ ಭಾವನವರಿಗೆ ಬರೆದು ನಿಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ. ಅವಳಿಂದ ಆಗಲಿಲ್ಲ ಎಂದರೆ ಅದು ಅವಳಿಂದಲ್ಲ, ನನ್ನಿಂದ. ಕಲ್ಮೇಶನ ಹೆಸರು ಇದರಲ್ಲಿ ತರಬೇಡಿ, ಅವನು ಏನನ್ನೂ ಇಸಿದುಕೊಂಡಿರಲಿಲ್ಲ. ಗಾಡಿಯ ಸೀಟಿ ಕೇಳಿತು. ಅವಳು ಬಾಗಿಲಿಗೆ ಬಂದ ಕೂಡಲೇ ಹೇಳುತ್ತೇನೆ, ಕಾಲಿಗೆ ನೀರು ಕೊಡುವ ಮೊದಲು. ಪರೀಕ್ಷೆ ನಾಳೆ ಹನ್ನೊಂದು ಗಂಟೆಗೆ.