ಸುಡದೆ ಉಳಿದ ಫ್ಯೂಸು

ಜೂನ್ ೧೦, ಮಂಗಳವಾರ, ಆಂಡರ್ಸನ್‌ಪೇಟೆ

ಕಾರ್ಖಾನೆಯ ಟ್ರಾನ್ಸ್‌ಫಾರ್ಮರ್ ಇವತ್ತು ಎಣ್ಣೆ ಉಗುಳಿ ಸತ್ತಿತು. ಅದನ್ನು ಕಾಯಬೇಕಿದ್ದ ಹನ್ನೊಂದು ಸಾವಿರ ವೋಲ್ಟ್ ಬರುವ ಕಡೆಯ ಮೂರು ಫ್ಯೂಸುಗಳೂ ಹೊಸ ಅಳಿಯಂದಿರ ಹಾಗೆ ಮಿರುಗುತ್ತಿವೆ.

ಒಳಗೆ ಸುರುಳಿ ಸುಟ್ಟು ಕರಿ,
ಹೊರಗೆ ಫ್ಯೂಸು ಸರಿಯೇ ಸರಿ.

ಕರೆಂಟು ಬಂದ ಕ್ಷಣ ಟ್ರಾನ್ಸ್‌ಫಾರ್ಮರ್ ಮಾಮೂಲಿಗಿಂತ ಹತ್ತು ಪಟ್ಟು ಎಳೆಯುತ್ತದೆ. ಹದಿನಾರು ಆಂಪಿಯರಿನ ಹಳೇ ಫ್ಯೂಸು ಅಷ್ಟಕ್ಕೇ ಹೋಗುತ್ತಿತ್ತು. ಇಪ್ಪತ್ತೈದರದು ಸಾಕು ಎಂದು ಇಲ್ಲಿನ ಎಂಜಿನಿಯರ್ ಆಗಿ ನಾನು ಹೇಳಿದ್ದೆ. ಇನ್ನೆಂದೂ ಹೋಗಬಾರದು ಎಂದು ಮ್ಯಾನೇಜರ್ ಪದ್ಮನಾಭ ಅರವತ್ಮೂರರದು ತರಿಸಿದರು. ಹೋಗಲಿಲ್ಲ, ಇವತ್ತು ಒಳಗೆ ಶಾರ್ಟ್ ಆದಾಗಲೂ.

ಸಂಜೆ ಅವರೇ, "ನಾಳೆ ಬಾಡಿಗೆ ಟ್ರಾನ್ಸ್‌ಫಾರ್ಮರ್ ಬರುತ್ತೆ. ಫ್ಯೂಸ್ ಚೆನ್ನಾಗೇ ಇದೆಯಲ್ಲ, ಅದನ್ನೇ ಹಾಕಿ" ಅಂದರು.

"ನಾನು ಹಾಕಲ್ಲ ಸಾರ್. ಬಾಡಿಗೇದೂ ಸುಡುತ್ತೆ."

"ನಿಮಗೆ ಎಲ್ಲಕ್ಕೂ ಭಯ ಕಣ್ರೀ. ಸುಬ್ರಮಣಿ ಹಾಕ್ತಾನೆ ಬಿಡಿ."

ನೆಲದ ಎಣ್ಣೆ ಒರೆಸುತ್ತಿದ್ದ ಎಲೆಕ್ಟ್ರಿಷಿಯನ್ ಸುಬ್ರಮಣಿಗೆ ಇದೆಲ್ಲ ಕೇಳಿಸಿತ್ತು. ಆಮೇಲೆ ಗೇಟಿನ ಹತ್ತಿರ ಹೇಳಿದ: "ನಾನೂ ಆಕಲ್ಲ ಅಂದ್ರೆ ನಾಳೀಕೇ ಮನೆಗೆ ಕಳುಸ್ತಾರೆ ಕಣಣ್ಣ. ನೀನು ಅಂದ್ರೆ ಬರೀ ಮುಖ ಸಿಂಡರಿಸ್ತಾರೆ."

ಟ್ರಾನ್ಸ್‌ಫಾರ್ಮರಿನ ಪಕ್ಕದ ಶೆಡ್ಡಿನಲ್ಲೇ ಅವನ ಡ್ಯೂಟಿ. ನನ್ನ ಕುರ್ಚಿ ಇರುವುದು ಅಷ್ಟು ದೂರದ ಆಫೀಸಿನಲ್ಲಿ. ಹಾಕಲ್ಲ ಎಂದು ಹೇಳಿ ಗೇಟಿನವರೆಗೂ ಎದೆ ಉಬ್ಬಿಸಿಕೊಂಡು ನಡೆದೆನಲ್ಲ, ಅದಕ್ಕೆ ಬೆಲೆ ತೆರಬೇಕಾದವನು ಸುಬ್ರಮಣಿ.